ಐಐಎಸ್‌ಸಿ: ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ: ಸಿಇಟಿಯಲ್ಲಿ ಎಷ್ಟನೇ ರ್‍ಯಾಂಕಿಗೆ ಅಲ್ಲಿ ಸೀಟು ಸಿಗುತ್ತದೆ? ಒಂದನೇ ರ್‍ಯಾಂಕಿಗೂ ಸಿಗುವುದಿಲ್ಲ. ಸಿಇಟಿಗೂ ಕಾಮೆಡ್‌ಕೆಗೂ ಐಐಎಸ್‌ಸಿಗೂ ನಂಟೇ ಇಲ್ಲ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದ ಮೇಲೆ ನಿಂತಿದ್ದರೂ ಇದು ಕೇಂದ್ರದ ಅನುದಾನದಲ್ಲಿ ನಡೆಯುವ ಸಂಸ್ಥೆ. ಕರ್ನಾಟಕದ ಮಕ್ಕಳಿಗೆಂದು ಬೇರೆ ಕೋಟಾ ಇಲ್ಲ. ಅದರ ಹಿಂದೆಯೇ ಬರುವ ಪ್ರಶ್ನೆ, ಪ್ಲೇಸ್‌ಮೆಂಟ್ ಹೇಗೆ ಎಂಬುದು. ಎಂ.ಟೆಕ್ ಮುಗಿಸಿದವರಿಗೆ ಕೆಲಸಕ್ಕೆ ಬರವಿಲ್ಲ, ನಿಜ. ಆದರೆ ನಾಲ್ಕು ವರ್ಷ ಓದಿ ಕೆಲಸಕ್ಕೆ ಸೇರುವುದೊಂದೇ ಗುರಿಯಾಗಿದ್ದರೆ ಅದಕ್ಕೆ ಇದಕ್ಕಿಂತ ನೇರವಾದ ದಾರಿಗಳಿವೆ. ಇಲ್ಲಿ ಸಂಶೋಧನೆ ಮುಂದೆ, ಪಾಠ ಅದರ ಹಿಂದೆ. ಈ ಸಂಸ್ಥೆಯ ಬಲ, ಕೊರತೆ ಎರಡೂ ಹುಟ್ಟುವುದು ಇಲ್ಲಿಂದಲೇ.

ಮೊದಲು ರ್‍ಯಾಂಕಿಂಗ್ ವಿಚಾರ ಮುಗಿಸೋಣ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಪಟ್ಟಿ 2016ರಲ್ಲಿ ಶುರುವಾದಾಗಿನಿಂದ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಐಐಎಸ್‌ಸಿಯದೇ ಮೊದಲ ಸ್ಥಾನ. ಕ್ಯೂಎಸ್ ಜಾಗತಿಕ ಪಟ್ಟಿಗೆ ಬಂದರೆ ಇತ್ತೀಚಿನ ವರ್ಷಗಳಲ್ಲಿ 200ರ ಆಚೀಚೆ ಇರುತ್ತದೆ. ಅದೇ ಕ್ಯೂಎಸ್‌ನ 2022ರ ಪಟ್ಟಿಯಲ್ಲಿ, ಒಬ್ಬೊಬ್ಬ ಅಧ್ಯಾಪಕರ ಪಾಲಿಗೆ ಬರುವ ಉಲ್ಲೇಖಗಳ (ಅವರ ಪ್ರಬಂಧಗಳನ್ನು ಬೇರೆ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಹೆಸರಿಸುವುದು) ಲೆಕ್ಕದಲ್ಲಿ ಮಾತ್ರ 100ಕ್ಕೆ 100 ಪಡೆದು ಇಡೀ ಪ್ರಪಂಚಕ್ಕೇ ಮೊದಲಾಯಿತು. ಒಂದೇ ಸಂಸ್ಥೆಗೆ ಇಷ್ಟು ಬೇರೆ ಬೇರೆ ಅಂಕ ಏಕೆ? ಅಧ್ಯಾಪಕರು ಸುಮಾರು 500 ಮಂದಿ ಮಾತ್ರ, ಅವರಲ್ಲಿ ಬಹುತೇಕ ಎಲ್ಲರೂ ಲ್ಯಾಬ್ ನಡೆಸುವವರು. ಉಲ್ಲೇಖಗಳನ್ನು ಈ ಚಿಕ್ಕ ಸಂಖ್ಯೆಯಿಂದ ಭಾಗಿಸಿದಾಗ ಅಂಕ ಏರುತ್ತದೆ. ವಿದೇಶಿ ವಿದ್ಯಾರ್ಥಿಗಳು ಎಷ್ಟು, ವಿದೇಶಿ ಅಧ್ಯಾಪಕರು ಎಷ್ಟು, ಜಗತ್ತಿನ ಉದ್ಯೋಗದಾತರಿಗೆ ಹೆಸರು ಎಷ್ಟು ಪರಿಚಯ ಎಂಬ ಕಲಂಗಳಲ್ಲಿ ಅದೇ ಅಂಕ ಇಳಿಯುತ್ತದೆ. ಸೇರುವ ಹುಡುಗ ಹುಡುಗಿಯರಿಗೆ ಇದರಲ್ಲಿ ಉಪಯೋಗಕ್ಕೆ ಬರುವ ಸಂಗತಿ ಒಂದೇ: ಸುಮಾರು ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು, ಅವರೂ ಕೆಲಸ ನಡೆಯುತ್ತಿರುವ ಲ್ಯಾಬಿನವರು.

ಬೆಂಗಳೂರಿಗೇ ಇದು ಬಂದದ್ದು ಹೇಗೆ ಎಂಬುದನ್ನೂ ಎರಡು ಮಾತಲ್ಲಿ ಹೇಳಬೇಕು. ಜೆ.ಎನ್. ಟಾಟಾ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಎತ್ತಿಟ್ಟ ಮೇಲೆ ಜಾಗದ ಹುಡುಕಾಟ ನಡೆಯಿತು. ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ದೇಶ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಮೈಸೂರು ದರ್ಬಾರು ನೆಲ ಕೊಟ್ಟಿತು. ಶಿವನಸಮುದ್ರದ ವಿದ್ಯುತ್ತು ಆಗ ಊರಿಗೆ ಬಂದಾಗಿತ್ತು. ಸಂಸ್ಥೆ 1909ರಲ್ಲಿ ಕಾನೂನುಬದ್ಧವಾಗಿ ಹುಟ್ಟಿತು. ತರಗತಿ ಶುರುವಾದದ್ದು 1911ರಲ್ಲಿ, 24 ವಿದ್ಯಾರ್ಥಿಗಳೊಂದಿಗೆ, ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನದ ವಿಭಾಗಗಳಲ್ಲಿ. ಯಶವಂತಪುರದ ಕಡೆ ಬಸ್ಸಿನಲ್ಲಿ ಇವತ್ತಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದರೆ ಬೇಗ ಗೊತ್ತಾಗುತ್ತದೆ.

ಪಿಯುಸಿ ಆದವರಿಗೆ

ಸಂಸ್ಥೆ ನೂರು ವರ್ಷ ಹೆಚ್ಚಾಗಿ ಪದವಿ ಮುಗಿಸಿ ಬಂದವರನ್ನೇ ನಂಬಿಕೊಂಡು ನಡೆಯಿತು. ಪಿಯುಸಿ ಮುಗಿಸಿದವರಿಗೆ ಬಾಗಿಲು ತೆರೆದದ್ದು 2011ರಲ್ಲಿ, ನಾಲ್ಕು ವರ್ಷದ ವಿಜ್ಞಾನ ಪದವಿಯ ಮೂಲಕ. ಈಗ ಅದರ ಹೆಸರು ಬಿಎಸ್ ರಿಸರ್ಚ್. 2022ರಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್‌ನಲ್ಲಿ ಬಿ.ಟೆಕ್ ಸೇರಿತು. ಎರಡೂ ಸೇರಿದರೂ ಸೀಟು ಇನ್ನೂರನ್ನು ಮುಟ್ಟುವುದಿಲ್ಲ.

ಬಿಎಸ್‌ಗೆ ಜೆಇಇ ಅಡ್ವಾನ್ಸ್ಡ್ ಅಥವಾ ಐಸರ್‌ಗಳು (ಕೇಂದ್ರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳು) ನಡೆಸುವ ಐಎಟಿಯಂಥ ಪರೀಕ್ಷೆಯ ಮೂಲಕ ಹೋಗಬಹುದು. ಬಿ.ಟೆಕ್‌ಗೆ ಜೆಇಇ ಅಡ್ವಾನ್ಸ್ಡ್ ಒಂದೇ. ಇಲ್ಲಿ ಪ್ರತಿ ವರ್ಷ ಕೆಲವರು ಎಡವುತ್ತಾರೆ. ಐಐಟಿಗಳ ಹಾಗೆ ಇದೂ ಜೋಸಾ ಕೌನ್ಸೆಲಿಂಗ್‌ನಲ್ಲಿ ಬರುತ್ತದೆ ಎಂದು ಕಾಯುತ್ತಾರೆ. ಬರುವುದಿಲ್ಲ. ಐಐಎಸ್‌ಸಿಯ ಪೋರ್ಟಲಿನಲ್ಲಿ ಬೇರೆಯೇ ಅರ್ಜಿ ಹಾಕಬೇಕು, ಅದರ ಕೊನೆಯ ದಿನವೂ ಬೇರೆ. ಪರೀಕ್ಷೆ ಬರೆದು ಅರ್ಜಿ ಹಾಕದಿದ್ದರೆ ರ್‍ಯಾಂಕ್ ಎಷ್ಟೇ ಚೆನ್ನಾಗಿದ್ದರೂ ವರ್ಷ ಹೋಯಿತು.

ಬಿಎಸ್‌ನ ಸ್ವರೂಪವೇ ಅದರ ದೊಡ್ಡ ಗುಣ. ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಒಂದೇ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಜೊತೆಗೆ ಎಂಜಿನಿಯರಿಂಗ್ ಮತ್ತು ಮಾನವಿಕ ವಿಷಯಗಳು. ಆಮೇಲೆ ಮೇಜರ್ ಆಯ್ಕೆ. ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳಲ್ಲದೆ ಮೆಟೀರಿಯಲ್ಸ್, ಭೂಮಿ ಮತ್ತು ಪರಿಸರ ವಿಜ್ಞಾನಗಳೂ ಇವೆ. ಕೊನೆಯ ವರ್ಷದ ಬಹುಪಾಲು ಒಬ್ಬ ಅಧ್ಯಾಪಕರ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವುದರಲ್ಲಿ ಕಳೆಯುತ್ತದೆ. ಬೇಕಿದ್ದರೆ ಐದನೇ ವರ್ಷ ಉಳಿದು ಮಾಸ್ಟರ್ಸ್ ಪಡೆಯಬಹುದು.

ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಂಡವರಿಗೆ ಇಲ್ಲಿನ ಜೀವಶಾಸ್ತ್ರ ಬಿಸಿ ಮುಟ್ಟಿಸುತ್ತದೆ, ಯಾಕೆಂದರೆ ಆ ವಿಷಯವನ್ನು ಅವರು ಎಸೆಸೆಲ್ಸಿಗೇ ಕೈಬಿಟ್ಟಿರುತ್ತಾರೆ. ಪಿಸಿಎಂಬಿಯವರಿಗೆ ಪ್ರೋಗ್ರಾಮಿಂಗ್ ಕಷ್ಟ. ಇಬ್ಬರಿಗೂ ಕಷ್ಟವಾಗುವುದು ಗಣಿತ. ಪಿಯುಸಿಯಲ್ಲಿ ಲೆಕ್ಕ ಮಾಡಿ ಉತ್ತರ ತಂದರೆ ಆಯಿತು, ಇಲ್ಲಿ ಮೊದಲ ಸೆಮಿಸ್ಟರಿನಿಂದಲೇ ಪ್ರಮೇಯಗಳ ಸಾಧನೆ (ಪ್ರೂಫ್) ಬರೆಯಬೇಕು. ಕೋಚಿಂಗ್‌ನಲ್ಲಿ ಎರಡು ನಿಮಿಷಕ್ಕೊಂದು ಪ್ರಶ್ನೆ ಬಿಡಿಸಿ ಬಂದ ಕೈಗೆ ಒಂದೇ ಪ್ರಶ್ನೆಯ ಮೇಲೆ ಮೂರು ದಿನ ಕೂರುವುದು ಅಭ್ಯಾಸವಿರುವುದಿಲ್ಲ. ಸೇರುವ ಮುಂಚಿನ ಎರಡು ತಿಂಗಳು ರಜೆಯಲ್ಲಿ ಪೈಥಾನ್‌ನ ಮೂಲಪಾಠ ಮತ್ತು ಕ್ಯಾಲ್ಕುಲಸ್‌ನ ಲಿಮಿಟ್ ವ್ಯಾಖ್ಯೆಯನ್ನು ಸರಿಯಾಗಿ ಅರಗಿಸಿಕೊಂಡರೆ ಮೊದಲ ಸೆಮಿಸ್ಟರ್ ಎಷ್ಟೋ ಹಗುರ.

ಶುಲ್ಕದ ವಿಚಾರದಲ್ಲಿ ಬಿಎಸ್ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗಿಂತ ಬಹಳ ಅಗ್ಗ. ಬಿ.ಟೆಕ್ ಹಾಗಲ್ಲ, ಐಐಟಿಗಳ ಮಟ್ಟದಲ್ಲಿದೆ. ಪ್ರವೇಶ ಪತ್ರಿಕೆಯ ಶುಲ್ಕದ ಪುಟವನ್ನು ಎರಡಕ್ಕೂ ಬೇರೆ ಬೇರೆ ಓದಿಕೊಳ್ಳುವುದು ಒಳ್ಳೆಯದು.

ಪಾಠ ನಡೆಯುವ ರೀತಿ

ಕೋರ್ಸ್ ಪಟ್ಟಿಯಲ್ಲಿ ಪ್ರತಿ ವಿಷಯದ ಮುಂದೆ 3:0, 2:1, 3:1 ಎಂಬ ಅಂಕಿಗಳಿರುತ್ತವೆ. ಮೊದಲನೆಯದು ಪಾಠದ ಕ್ರೆಡಿಟ್, ಎರಡನೆಯದು ಲ್ಯಾಬಿನದು. ಈ ಪುಟ್ಟ ಅಂಕಿಗಳನ್ನು ಹೊಸಬರು ಗಮನಿಸುವುದಿಲ್ಲ. 3:1 ಎಂದಿರುವ ಮೂರು ಕೋರ್ಸುಗಳನ್ನು ಒಂದೇ ಸೆಮಿಸ್ಟರಿಗೆ ಹಾಕಿಕೊಂಡರೆ ಕಾಗದದ ಮೇಲೆ 12 ಕ್ರೆಡಿಟ್, ಆದರೆ ಮೂರು ಮಧ್ಯಾಹ್ನ ಲ್ಯಾಬಿನಲ್ಲಿ, ಮೂರು ರಾತ್ರಿ ವರದಿ ಬರೆಯುವುದರಲ್ಲಿ ಹೋಗುತ್ತವೆ. ಆಗಸ್ಟ್ ಮತ್ತು ಜನವರಿಯಲ್ಲಿ ಶುರುವಾಗುವ ಎರಡು ಅವಧಿಗಳಿಗೆ ಭಾರವನ್ನು ಹಂಚಿಕೊಳ್ಳುವುದು ಜಾಣತನ.

ಇಲ್ಲಿಯ ಅತ್ಯುತ್ತಮ ಸವಲತ್ತು ಯಾವುದೆಂದರೆ, ವಿಭಾಗಗಳ ನಡುವಿನ ಗೋಡೆ ತೆಳು. ಏರೋಸ್ಪೇಸ್ ವಿದ್ಯಾರ್ಥಿ ಗಣಿತ ವಿಭಾಗದಲ್ಲಿ ಕೋರ್ಸ್ ತೆಗೆದುಕೊಳ್ಳಬಹುದು, ಜೀವವಿಜ್ಞಾನದವರು ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಮೆಷಿನ್ ಲರ್ನಿಂಗ್ ಕಲಿಯಬಹುದು. ಮೊದಲ ಒಂದೆರಡು ವಾರ ಸುಮ್ಮನೆ ಹೋಗಿ ಕುಳಿತು ನೋಡಿ, ಆಮೇಲೆ ಉಳಿಸಿಕೊಳ್ಳುವುದೋ ಬಿಡುವುದೋ ತೀರ್ಮಾನಿಸುವ ರೂಢಿಯಿದೆ. ಪಾಠದ ಗುಣಮಟ್ಟ ಮಾತ್ರ ಎಲ್ಲೆಡೆ ಒಂದೇ ಅಲ್ಲ. ದೊಡ್ಡ ಸಂಶೋಧಕರೆಲ್ಲ ದೊಡ್ಡ ಮೇಷ್ಟ್ರಾಗಿರುವುದಿಲ್ಲ. ಕರಿಹಲಗೆಯ ಮೇಲೆ ಮೊದಲಿಂದ ಕಟ್ಟಿಕೊಂಡು ಬರುವವರೂ ಇದ್ದಾರೆ, ತಮ್ಮ ಹಳೆಯ ಸ್ಲೈಡುಗಳನ್ನೇ ಓದುವವರೂ ಇದ್ದಾರೆ. ಕೋರ್ಸ್ ಹೆಸರು ನೋಡುವ ಬದಲು ಈ ಸಲ ಯಾರು ತೆಗೆದುಕೊಳ್ಳುತ್ತಿದ್ದಾರೆ ಎಂದು ಸೀನಿಯರ್‌ಗಳನ್ನು ಕೇಳಿ ನೋಂದಾಯಿಸಿಕೊಳ್ಳಬೇಕು. ಪಾಠವೆಲ್ಲ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ತಿಂಗಳುಗಳಲ್ಲಿ ವಿಷಯಕ್ಕಿಂತ ವೇಗವೇ ತೊಡಕು. ಅಧ್ಯಾಪಕರ ಕೋಣೆಗೆ ಹೋಗಿ ಕೇಳಲು ಅಂಜಬೇಕಾಗಿಲ್ಲ, ಹೋದವರನ್ನು ಕೂರಿಸಿಕೊಂಡು ಹೇಳಿಕೊಡುವ ಪದ್ಧತಿ ಇಲ್ಲಿ ಗಟ್ಟಿಯಾಗಿದೆ.

ಉಪಕರಣಗಳು

ದೇಶದ ಬೇರೆ ವಿಶ್ವವಿದ್ಯಾಲಯಗಳಿಗೂ ಇದಕ್ಕೂ ಎದ್ದು ಕಾಣುವ ಅಂತರ ಇಲ್ಲಿದೆ. ನ್ಯಾನೋ ವಿಜ್ಞಾನ ಕೇಂದ್ರದ, ದೂಳು ಸುಳಿಯದಂತೆ ಕಾಯ್ದ ಕ್ಲೀನ್‌ರೂಮಿನಲ್ಲಿ ಸಿಲಿಕಾನ್ ವೇಫರಿನಿಂದ (ಚಿಪ್ ಮಾಡುವ ತೆಳು ಬಿಲ್ಲೆ) ಹಿಡಿದು ಪೂರ್ತಿ ಸಾಧನದವರೆಗೆ ಒಂದೇ ಸೂರಿನಡಿ ಮಾಡಬಹುದು. ಹಾಗೆಂದು ಸೇರಿದ ದಿನವೇ ಒಳಗೆ ಬಿಡುವುದಿಲ್ಲ. ಮೊದಲು ಸುರಕ್ಷತಾ ತರಬೇತಿ, ಆಮೇಲೆ ಒಂದೊಂದು ಯಂತ್ರಕ್ಕೂ ಬೇರೆ ತರಬೇತಿ, ಅದರಲ್ಲಿ ಪಾಸಾದರೆ ಮಾತ್ರ ಸ್ಲಾಟ್ ಕಾದಿರಿಸುವ ಹಕ್ಕು. ಈ ಬಿಗಿಗೆ ಕಾರಣವಿದೆ. ಚಿನ್ನ ಲೇಪಿಸಿದ ವೇಫರನ್ನು ಶುದ್ಧ ಸಿಲಿಕಾನಿಗೆಂದು ಮೀಸಲಿಟ್ಟ ಕುಲುಮೆಗೆ ತಪ್ಪಿ ಹಾಕಿದರೆ ಕುಲುಮೆಯ ಗೋಡೆಗೆ ಚಿನ್ನ ಅಂಟುತ್ತದೆ, ಅಲ್ಲಿಂದ ಮುಂದೆ ಅದರೊಳಗೆ ಹೋದ ಎಲ್ಲರ ವೇಫರುಗಳೂ ಕೆಡುತ್ತವೆ. ಹೈಡ್ರೋಫ್ಲೋರಿಕ್ ಆಮ್ಲವಂತೂ ಚರ್ಮದ ಮೇಲೆ ಬಿದ್ದಾಗ ಉರಿ ತಡವಾಗಿ ಗೊತ್ತಾಗುತ್ತದೆ, ಆ ಹೊತ್ತಿಗೆ ಒಳಗಿಳಿದಿರುತ್ತದೆ.

ಕರ್ನಾಟಕದ ಇತರ ಕಾಲೇಜುಗಳ ಅಧ್ಯಾಪಕರು, ಪಿಎಚ್.ಡಿ. ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿಯೆಂದರೆ, ಈ ಸೌಲಭ್ಯ ಹೊರಗಿನವರಿಗೂ ತೆರೆದಿದೆ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಚಿವಾಲಯದ ನೆರವಿನ ಐಎನ್‌ಯುಪಿ ಯೋಜನೆಯಲ್ಲಿ ಮೊದಲು ಪರಿಚಯ ಕಾರ್ಯಾಗಾರ, ಆಮೇಲೆ ಕೈಯಾರೆ ಮಾಡುವ ತರಬೇತಿ, ಕೊನೆಗೆ ಸ್ವಂತ ಪ್ರಸ್ತಾವ ಒಪ್ಪಿಗೆಯಾದರೆ ಬಂದು ಕೆಲಸ ಮಾಡುವ ಅವಕಾಶವಿದೆ. ಬರೇ ಮಾದರಿಯ ಚಿತ್ರವೋ ಎಕ್ಸ್‌ರೇ ವಿಶ್ಲೇಷಣೆಯೋ ಬೇಕಿದ್ದವರು ಶುಲ್ಕ ಕಟ್ಟಿ ಮಾಡಿಸಿಕೊಳ್ಳಬಹುದು.

ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್ (ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ) ಸಾಮರ್ಥ್ಯದ ಪರಮ್ ಪ್ರವೇಗ ಎಂಬ ಯಂತ್ರ ಇದೆ. ಇದನ್ನು ಬಳಸುವಾಗ ಹೊಸಬರು ಮಾಡುವ ತಪ್ಪು ಎರಡು ಬಗೆಯದು. ಬೇಕಾದ್ದಕ್ಕಿಂತ ಹೆಚ್ಚು ಕೋರ್ (ಲೆಕ್ಕ ಮಾಡುವ ಘಟಕ), ಹೆಚ್ಚು ಗಂಟೆ ಕೇಳಿದರೆ ಕೆಲಸ ಸರದಿಯಲ್ಲೇ ಕೊಳೆಯುತ್ತದೆ. ಕಡಿಮೆ ಗಂಟೆ ಕೇಳಿದರೆ ಮುಗಿಯುವ ಮೊದಲೇ ವ್ಯವಸ್ಥೆ ಅದನ್ನು ನಿಲ್ಲಿಸಿಬಿಡುತ್ತದೆ. ಸಣ್ಣ ಮಾದರಿಯ ಮೇಲೆ ಓಡಿಸಿ ಸಮಯ ಅಳೆದು, ಕಾಲು ಭಾಗ ಹೆಚ್ಚು ಸೇರಿಸಿ ಕೇಳುವುದು, ನಡುನಡುವೆ ಫಲಿತಾಂಶ ಉಳಿಸುವಂತೆ ಪ್ರೋಗ್ರಾಮ್ ಬರೆಯುವುದು ಸರಿ.

ಎಂ.ಟೆಕ್, ಪಿಎಚ್.ಡಿ.

ಎಂ.ಟೆಕ್‌ಗೆ ಹೆಚ್ಚಿನ ವಿಭಾಗಗಳಲ್ಲಿ ಗೇಟ್ ಪರೀಕ್ಷೆಯ ಅಂಕವೇ ನಿರ್ಣಾಯಕ. ಆಫರುಗಳು ಬರುವುದು ಕೋಆಪ್ ಎಂಬ, ಐಐಟಿಗಳಿಗೂ ಇದಕ್ಕೂ ಒಂದೇ ಆದ ಪೋರ್ಟಲಿನಲ್ಲಿ. ಅಲ್ಲಿ ನೋಂದಾಯಿಸಿ ಸಿಕ್ಕ ಸಂಖ್ಯೆಯನ್ನು ಐಐಎಸ್‌ಸಿ ಅರ್ಜಿಯಲ್ಲಿ ತುಂಬದಿದ್ದರೆ ಆಫರ್ ಕಣ್ಣಿಗೇ ಬೀಳುವುದಿಲ್ಲ. ಪ್ರತಿ ಸುತ್ತಿನಲ್ಲೂ ಗಡುವಿನೊಳಗೆ ಒಪ್ಪುವುದೋ, ಉಳಿಸಿಕೊಂಡು ಕಾಯುವುದೋ, ಬಿಡುವುದೋ ಒತ್ತಲೇಬೇಕು. ಸುಮ್ಮನಿದ್ದರೆ ಕೈಗೆ ಬಂದದ್ದು ಜಾರಿಹೋಗುತ್ತದೆ. ಗೇಟ್ ಮೂಲಕ ಬಂದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ.

ಪಿಎಚ್.ಡಿ.ಯೇ ಈ ಸಂಸ್ಥೆಯ ಜೀವಾಳ. ಅರ್ಜಿ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ, ಸಂದರ್ಶನ ಬೇಸಿಗೆಯ ಕೊನೆಯಲ್ಲಿ. ಕೆಲವು ವಿಭಾಗಗಳು ವರ್ಷದ ಕೊನೆಗೆ ಇನ್ನೊಂದು ಸುತ್ತು ನಡೆಸುತ್ತವೆ. ಸಂದರ್ಶನದಲ್ಲಿ ನಿಮಗೆ ಚೆನ್ನಾಗಿ ಬರುವ ವಿಷಯ ಯಾವುದು ಎಂದು ಕೇಳಿ ಅದರ ಬುಡಕ್ಕೇ ಕೈ ಹಾಕುತ್ತಾರೆ. ಐದು ವಿಷಯ ಹೇಳಿ ತೇಲಿಸಲು ಹೋದರೆ ಕೆಲಸ ಕೆಟ್ಟಂತೆ. ಎಂಜಿನಿಯರಿಂಗ್ ಕಡೆ ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆಗಳಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಉತ್ತರ ಗೊತ್ತಿಲ್ಲದಾಗ ಹಲಗೆಯ ಮೇಲೆ ಬರೆಯುತ್ತಾ ಬಾಯಿಬಿಟ್ಟು ಯೋಚಿಸಿದವರು ಆಯ್ಕೆಯಾಗುತ್ತಾರೆ, ಮೌನವಾಗಿ ನಿಂತು ಸರಿ ಉತ್ತರ ಹುಡುಕಿದವರು ಹಿಂದೆ ಬೀಳುತ್ತಾರೆ. ಸಮಿತಿ ನೋಡುವುದು ದಾರಿಯನ್ನು.

ಸೇರಿದ ಮೇಲೆ ಕೋರ್ಸ್‌ವರ್ಕ್, ಕಾಂಪ್ರಿಹೆನ್ಸಿವ್ ಪರೀಕ್ಷೆ, ಸಂಶೋಧನೆ, ಕೊಲೊಕ್ವಿಯಂ (ಥೀಸಿಸ್ ಕೊಡುವ ಮುಂಚೆ ಕೆಲಸವನ್ನು ವಿವರಿಸುವ ಉಪನ್ಯಾಸ), ಥೀಸಿಸ್, ವೈವಾ (ಮೌಖಿಕ ಪರೀಕ್ಷೆ). ಐದಾರು ವರ್ಷ ಹಿಡಿಯುವುದು ಮಾಮೂಲು. 2023ರ ಪರಿಷ್ಕರಣೆಯ ನಂತರ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಪ್ರಧಾನಮಂತ್ರಿ ಫೆಲೋಶಿಪ್ ಸಿಕ್ಕವರಿಗೆ 70,000ದಿಂದ ಶುರು.

ಇಷ್ಟು ವರ್ಷ ಸುಗಮವಾಗಿ ಹೋಗುವುದು, ಹೋಗದಿರುವುದು ಗೈಡ್ ಮೇಲೆ ನಿಂತಿದೆ. ಸಂಸ್ಥೆಯ ಹೆಸರಿನಷ್ಟೇ ಎಚ್ಚರದಿಂದ, ಇನ್ನೂ ಹೆಚ್ಚು ಎಚ್ಚರದಿಂದ, ಲ್ಯಾಬನ್ನು ಆರಿಸಬೇಕು. ಲ್ಯಾಬಿನ ಜಾಲತಾಣದಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇರುತ್ತದೆ. ಅವರು ಸೇರಿದ ವರ್ಷ, ಥೀಸಿಸ್ ಕೊಟ್ಟ ವರ್ಷ ಹೋಲಿಸಿ ನೋಡಿ. ಏಳು ವರ್ಷ ದಾಟಿದವರೇ ಹೆಚ್ಚಿದ್ದರೆ ಏಕೆಂದು ಕೇಳಿ. ಪ್ರಕಟಣೆಗಳಲ್ಲಿ ವಿದ್ಯಾರ್ಥಿಗಳ ಹೆಸರು ಮೊದಲಿದೆಯೇ ನೋಡಿ. ಈಗಿನ ವಿದ್ಯಾರ್ಥಿಗಳಲ್ಲಿ ಇಬ್ಬರನ್ನಾದರೂ ಲ್ಯಾಬಿನ ಹೊರಗೆ, ಚಹಾ ಕುಡಿಯುತ್ತಾ ಮಾತಾಡಿಸಿ. ಹೊಸದಾಗಿ ಸೇರಿದ ಅಧ್ಯಾಪಕರ ಬಳಿ ಗೈಡ್‌ನ ಸಮಯ ಧಾರಾಳವಾಗಿ ಸಿಗುತ್ತದೆ, ಆದರೆ ಪ್ರಯೋಗದ ಲ್ಯಾಬಾದರೆ ಮೊದಲ ಒಂದೆರಡು ವರ್ಷ ಟೆಂಡರ್, ಖರೀದಿ, ಯಂತ್ರ ಕೂರಿಸುವುದರಲ್ಲೇ ಹೋಗಬಹುದು. ಸರ್ಕಾರಿ ಖರೀದಿ ನಿಯಮ ಇಲ್ಲಿಗೂ ಅನ್ವಯ. ಹಿರಿಯರ ಬಳಿ ಉಪಕರಣ ಸಿದ್ಧವಿರುತ್ತದೆ, ಅವರು ಸಿಗುವುದು ಕಷ್ಟ. ಬಿ.ಎಸ್‌ಸಿ. ಆದವರು ನೇರವಾಗಿ ಸೇರುವ ಜೀವಶಾಸ್ತ್ರದ ಇಂಟಿಗ್ರೇಟೆಡ್ ಪಿಎಚ್.ಡಿ.ಯಲ್ಲಿ ಮೂರು ಲ್ಯಾಬುಗಳಲ್ಲಿ ಸರದಿಯಂತೆ ಕೆಲಸ ಮಾಡಿ ಆಮೇಲೆ ಆರಿಸುವ ಕ್ರಮವಿದೆ. ಎಲ್ಲ ವಿಭಾಗಗಳೂ ಹೀಗೆ ಮಾಡಿದ್ದರೆ ಚೆನ್ನಿತ್ತು.

ಸೇರುವ ಮೊದಲೇ ರುಚಿ ನೋಡಬೇಕೆಂದಿದ್ದರೆ ಬೇಸಿಗೆ ಇಂಟರ್ನ್‌ಶಿಪ್ ಇದೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಒಂದು ದಾರಿ, ನೇರವಾಗಿ ಇಮೇಲ್ ಬರೆಯುವುದು ಇನ್ನೊಂದು. ಐವತ್ತು ಜನರಿಗೆ ಒಂದೇ ಇಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ. ಅವರ ಒಂದು ಪ್ರಬಂಧ ಓದಿ, ಅದರಲ್ಲಿ ನಿಮಗೆ ಎದ್ದ ಪ್ರಶ್ನೆಯೊಂದನ್ನು ನಾಲ್ಕು ಸಾಲಿನಲ್ಲಿ ಬರೆದು, ಬರುವ ತಾರೀಖುಗಳನ್ನು ಖಚಿತವಾಗಿ ತಿಳಿಸಿದರೆ ಉತ್ತರ ಬರುವ ಸಂಭವ ಹೆಚ್ಚು.

ಕೆಲಸದಲ್ಲಿರುವವರಿಗೂ ಅವಕಾಶವಿದೆ. ಮುಂದುವರಿಕೆ ಶಿಕ್ಷಣ ಕೇಂದ್ರದ ಪ್ರೊಫಿಶಿಯನ್ಸ್ ಕೋರ್ಸುಗಳು ಕೆಲಸಕ್ಕೆ ಹೋಗುವವರಿಗೆಂದೇ ಇವೆ. ಕಂಪನಿ ಅಥವಾ ಸರ್ಕಾರಿ ಸಂಶೋಧನಾಲಯ ಪ್ರಾಯೋಜಿಸಿದರೆ ಹೊರಗಿನಿಂದಲೇ ಪಿಎಚ್.ಡಿ. ಮಾಡಬಹುದು, ಆದರೆ ಕೋರ್ಸ್ ಮುಗಿಸಲು ಕೆಲವು ಕಾಲ ಕ್ಯಾಂಪಸ್ಸಿನಲ್ಲಿ ಇರಲೇಬೇಕು. ಆ ರಜೆಗೆ ಕಂಪನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯದೆ ಅರ್ಜಿ ಹಾಕಬೇಡಿ.

ಹೊರಗಿನ ನಾಡಿಗೆ

ದೊಡ್ಡ ಹೆಸರುಗಳ ನಡುವೆ ಮರೆತುಹೋಗುವ ಕೆಲಸವೊಂದಿದೆ. 1974ರಲ್ಲಿ ಪ್ರಾಧ್ಯಾಪಕ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಇಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕ ಹುಟ್ಟಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಹೋಗಿ ಕುಳಿತು, ಸೌದೆ ಎಷ್ಟು ಉರಿಯುತ್ತದೆ, ಹೊಗೆ ಎಲ್ಲಿ ನಿಲ್ಲುತ್ತದೆ ಎಂದು ಅಳೆದು ಮಾಡಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳ ಅಡುಗೆಮನೆಗೆ ಬಂತು. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಮನೆಗಳ ಹಿಂದೆಯೂ ಇದೇ ಬಳಗವಿದೆ. ಪರಿಸರ ವಿಜ್ಞಾನ ಕೇಂದ್ರ ತಮಿಳುನಾಡಿನ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರ್ ಜಾಗದ ಒಂದೊಂದು ಮರವನ್ನೂ 1988ರಿಂದ ಲೆಕ್ಕ ಇಟ್ಟುಕೊಂಡು ಬಂದಿದೆ. ಇಂಥ ಕೆಲಸಕ್ಕೆ ರ್‍ಯಾಂಕಿಂಗ್‌ನಲ್ಲಿ ಕಲಂ ಇಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, ಕುದಾಪುರದಲ್ಲಿ ಸಂಸ್ಥೆಗೆ ಸುಮಾರು 1,500 ಎಕರೆಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಹೈಸ್ಕೂಲು, ಪಿಯು ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಉಳಿದುಕೊಂಡು ಕಲಿಯುವ ತರಬೇತಿ ನಡೆಯುತ್ತದೆ. ಪ್ರಯೋಗವನ್ನು ಶಿಕ್ಷಕರ ಕೈಯಲ್ಲೇ ಮಾಡಿಸುತ್ತಾರೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಇಲಾಖೆಯ ಮೂಲಕ ಕೇಳಿ ಪಡೆಯಬೇಕಾದ ಅವಕಾಶ ಇದು. ಆ ನೆಲ ಅಮೃತಮಹಲ್ ಕಾವಲು, ದನ ಕುರಿ ಮೇಯುವ ಹುಲ್ಲುಗಾವಲಾಗಿತ್ತು ಎಂಬುದನ್ನೂ, ಸುತ್ತಲಿನ ಹಳ್ಳಿಗಳವರು ಅದಕ್ಕೆ ತಕರಾರು ಎತ್ತಿದ್ದರೆಂಬುದನ್ನೂ ಬಿಟ್ಟು ಬರೆದರೆ ವಿಮರ್ಶೆ ಅರ್ಧವಾಗುತ್ತದೆ.

ಕೊರತೆಗಳು

ವಿಜ್ಞಾನ, ಎಂಜಿನಿಯರಿಂಗ್‌ನ ಹೊರಗೆ ಹೆಚ್ಚೇನೂ ಇಲ್ಲ. ಸಾಹಿತ್ಯ, ಇತಿಹಾಸ, ಕಾನೂನಿನ ವಿಭಾಗಗಳಿಲ್ಲ. ವೈದ್ಯಕೀಯಕ್ಕೆ ಈಗಷ್ಟೇ ಕಾಲಿಡುತ್ತಿದೆ, 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಕೊಟ್ಟ 425 ಕೋಟಿ ರೂಪಾಯಿಯ ದೇಣಿಗೆಯ ಆಧಾರದ ಮೇಲೆ 800 ಹಾಸಿಗೆಯ ಆಸ್ಪತ್ರೆಯ ಯೋಜನೆ. ಪದವಿ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಾದ್ದರಿಂದ ದೊಡ್ಡ ಕಾಲೇಜಿನ ಗದ್ದಲ, ಹಬ್ಬ, ನಾಟಕ ಬಯಸುವವರಿಗೆ ಕ್ಯಾಂಪಸ್ ಸಪ್ಪೆ ಅನ್ನಿಸಬಹುದು. ಪಿಎಚ್.ಡಿ.ಯ ನಡುವಿನ ವರ್ಷಗಳಲ್ಲಿ ಒಂಟಿತನ ಸಾಮಾನ್ಯ. ಕ್ಯಾಂಪಸ್ಸಿನಲ್ಲಿ ವೆಲ್‌ನೆಸ್ ಸೆಂಟರ್ ಇದೆ, ಕುಸಿಯುವವರೆಗೆ ಕಾಯದೆ ಹೋಗಬೇಕು. ಮರಗಳು ಮಾತ್ರ ಯಾರನ್ನೂ ನಿರಾಸೆಗೊಳಿಸುವುದಿಲ್ಲ. ನಗರದ ನಡುವೆ ಕಾಡುಪಾಪ ಉಳಿದುಕೊಂಡಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು.

ಮೀಸಲಾತಿಯ ಕಾಗದ ಪತ್ರದಲ್ಲಿ ಕರ್ನಾಟಕದವರು ಮತ್ತೆ ಮತ್ತೆ ಮಾಡುವ ತಪ್ಪೊಂದಿದೆ. ರಾಜ್ಯದ 2ಎ, 2ಬಿ, 3ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಬೇಕಾದದ್ದು ಕೇಂದ್ರ ಸರ್ಕಾರದ ನಮೂನೆಯ ಒಬಿಸಿ, ಕೆನೆಪದರ ರಹಿತ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಮೊದಲು ಅದನ್ನು ನೋಡಿಕೊಳ್ಳಬೇಕು. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗಲೇ 'ಕೇಂದ್ರದ ಉದ್ದೇಶಕ್ಕೆ' ಎಂದು ಸ್ಪಷ್ಟವಾಗಿ ಹೇಳಬೇಕು. ಹೊಸ ಆರ್ಥಿಕ ವರ್ಷದ ತಾರೀಖಿನದ್ದನ್ನೇ ಕೇಳುವುದು ಸಾಮಾನ್ಯ, ಹಾಗಾಗಿ ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಹಾಕಿಟ್ಟರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ. ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರಕ್ಕೂ ಇದೇ ಮಾತು.

ಸುಮ್ಮನೆ ನೋಡಿ ಬರಲು ಓಪನ್ ಡೇ ಒಳ್ಳೆಯದು. ಸಾಮಾನ್ಯವಾಗಿ ವಿಜ್ಞಾನ ದಿನದ ಆಸುಪಾಸು, ಫೆಬ್ರುವರಿ ಕೊನೆ ಅಥವಾ ಮಾರ್ಚ್‌ನ ಒಂದು ಶನಿವಾರ. ಅಂದು ಎಲ್ಲ ವಿಭಾಗಗಳೂ ತೆರೆದಿರುತ್ತವೆ, ಪ್ರವೇಶ ಉಚಿತ. ಹೈ ವೋಲ್ಟೇಜ್ ಲ್ಯಾಬಿನ ಕೃತಕ ಸಿಡಿಲು ನೋಡಲು ಸಾಲು ಉದ್ದವಾಗಿರುತ್ತದೆ, ಅದನ್ನು ಬೆಳಿಗ್ಗೆಯೇ ಮುಗಿಸಿಕೊಂಡು ಏರೋಸ್ಪೇಸ್‌ನ ಗಾಳಿ ಸುರಂಗಕ್ಕೆ ಹೋಗಿ. ಗಾಡಿ ತರಬೇಡಿ. ಮೆಟ್ರೋದಲ್ಲಿ ಬಂದು ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಥವಾ ಯಶವಂತಪುರದಲ್ಲಿ ಇಳಿದು ಆಟೋ ಹಿಡಿಯಿರಿ. ಕ್ಯಾಂಪಸ್ ಒಳಗೆ ನಡಿಗೆ ಬಹಳ, ಮಕ್ಕಳಿದ್ದರೆ ಟೋಪಿ ಮತ್ತು ನೀರು ಬೇಕೇ ಬೇಕು.